ಬಾಯಿ ತೆರೆಸುವ ಉತ್ತರ: ಮೆಂಟಲ್ ಹೆಲ್ತ್ ಭಾಗ ಮೂರನೇ ಸಲಕ್ಕೆ ನನ್ನ ಕೈಗೆ ಸಿಕ್ಕಿದ್ದು ಹೀಗೆ

ಇದು ಹೊಸಬರಿಗೆ ಬರೆದದ್ದಲ್ಲ. ಪುಸ್ತಕ ಓದಿ, ಪೋಸ್ಟಿಂಗ್ ಮುಗಿಸಿ, ಮಾಕ್ ಟೆಸ್ಟ್ ಮೇಲೆ ಮಾಕ್ ಟೆಸ್ಟ್ ಬರೆದು, ಆದರೂ ನರ್ಸಿಂಗ್ ಪರೀಕ್ಷೆಯ ಮೆಂಟಲ್ ಹೆಲ್ತ್ (ಮಾನಸಿಕ ಆರೋಗ್ಯ) ಭಾಗದಲ್ಲಿ ಮಾತ್ರ ಅಂಕ ಯಾಕೆ ಏರುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರಿಗೆ ಬರೆದದ್ದು.

ನಾನು ಎರಡು ಸಲ ಫೇಲ್ ಆದೆ. ಮೂರನೇ ಸಲ ಪಾಸಾದೆ. ಮೊದಲೆರಡು ಸಲ ನನ್ನನ್ನು ಕೆಡವಿದ ಆ ಭಾಗದಲ್ಲೇ ಈ ಸಲ ಎಲ್ಲಕ್ಕಿಂತ ಜಾಸ್ತಿ ಅಂಕ ಬಂತು. ನಾನು ಓದುತ್ತಿದ್ದ ರೀತಿ ನೋಡಿ ವಾರ್ಡಿನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ಕಮ್ಯುನಿಕೇಶನ್ ಪ್ರಶ್ನೆಗೆ ಯಾರಾದ್ರೂ ಕೂತು ಓದ್ತಾರಾ ಸಿಸ್ಟರ್? ಅದು ಕಾಮನ್ ಸೆನ್ಸ್. ಔಷಧಿ ಬಾಯಿಪಾಠ ಮಾಡಿ, ಸಾಕು" ಅಂದರು ಒಬ್ಬ ಸೀನಿಯರ್. ನಾನೂ ಮೊದಲೆರಡು ಸಲ ಅದನ್ನೇ ನಂಬಿದ್ದೆ.

ಮೊದಲ ಸಲ ಕೋಚಿಂಗ್ ಸೇರಿದೆ. ಹೆಚ್ಚುಕಡಿಮೆ ಒಂದೂವರೆ ತಿಂಗಳ ಸಂಬಳ ಅದಕ್ಕೇ ಹೋಯಿತು. ಕೊಟ್ಟ ನೋಟ್ಸ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಎಲ್ಲವೂ ಪಟ್ಟಿ. ಸ್ಕಿಜೋಫ್ರೇನಿಯಾದ ಲಕ್ಷಣಗಳ ಪಟ್ಟಿ, ಡಿಫೆನ್ಸ್ ಮೆಕ್ಯಾನಿಸಮ್ (ನೋವಿನಿಂದ ತಪ್ಪಿಸಿಕೊಳ್ಳಲು ಮನಸ್ಸು ತನಗೇ ಗೊತ್ತಿಲ್ಲದೆ ಹೂಡುವ ಉಪಾಯಗಳು) ಪಟ್ಟಿ, ಅಡ್ಡಪರಿಣಾಮಗಳ ಪಟ್ಟಿ. ಎಲ್ಲವನ್ನೂ ನುಂಗಿದೆ, ಫೇಲ್ ಆದೆ. ಎರಡನೇ ಸಲ ಪ್ರಶ್ನೆಗಳ ಆ್ಯಪ್‌ಗೆ ಮೂರು ತಿಂಗಳ ದುಡ್ಡು ಕಟ್ಟಿದೆ. ಜೊತೆಗೆ ಪರೀಕ್ಷೆಯ ಫೀಸು, ಡ್ಯೂಟಿ ಬಿಟ್ಟು ಕೂತ ದಿನಗಳ ಸಂಬಳ. ಎರಡೂ ಸಲದ್ದು ಕೂಡಿಸಿದರೆ ನಾಲ್ಕು ತಿಂಗಳ ದುಡಿಮೆ ಕೈಬಿಟ್ಟು ಹೋಗಿತ್ತು. ಎರಡನೇ ಸಲದ ಫಲಿತಾಂಶ ಬಂದ ರಾತ್ರಿ ನಾನು ಅಳಲಿಲ್ಲ. ಸುಮ್ನೆ ಕೂತು ಆ್ಯಪ್‌ನಲ್ಲಿ ತಪ್ಪಾಗಿದ್ದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಎಣಿಸತೊಡಗಿದೆ.

ಆ ಎಣಿಕೆಯೇ ನನ್ನ ಕಣ್ಣು ತೆರೆಸಿತು. ಸುಮಾರು 340 ತಪ್ಪುಗಳಿದ್ದವು. ಅವುಗಳಲ್ಲಿ ಔಷಧಿಯದ್ದು ಎಪ್ಪತ್ತೋ ಎಂಬತ್ತೋ ಅಷ್ಟೇ. ಇನ್ನೂರರ ಹತ್ತಿರ ಇದ್ದದ್ದು "ನರ್ಸ್ ಏನು ಹೇಳಬೇಕು", "ನರ್ಸ್ ಮೊದಲು ಏನು ಮಾಡಬೇಕು" ಅನ್ನುವ ಪ್ರಶ್ನೆಗಳು. ಅಂದರೆ ನಾನು ಕಾಮನ್ ಸೆನ್ಸ್ ಅಂದುಕೊಂಡು ಓದದೇ ಬಿಟ್ಟದ್ದೇ ನನ್ನನ್ನು ಮುಳುಗಿಸುತ್ತಿತ್ತು.

ಯಾಕೆ ಅಂತ ತಿಳಿಯಲು ಇನ್ನೂ ಎರಡು ವಾರ ಬೇಕಾಯಿತು. ತಿಳಿಸಿಕೊಟ್ಟವಳು ನನ್ನ ತಂಗಿ. ಅವಳಿಗೆ ನರ್ಸಿಂಗ್ ಗಂಧಗಾಳಿಯೂ ಇಲ್ಲ. ಒಂದು ಸಂಜೆ ಪ್ರಶ್ನೆ ಓದಿ ಓದಿ ಬೇಸತ್ತು, "ನೀನು ಸ್ವಲ್ಪ ರೋಗಿ ಆಗು" ಅಂದೆ. ಅವಳು ಮಂಚದ ಮೇಲೆ ಗೋಡೆ ಕಡೆ ತಿರುಗಿ ಕೂತಳು. ನಾನು ಬರೆದುಕೊಟ್ಟ ಚೀಟಿ ನೋಡಿ ಹೇಳಿದಳು: "ನಾನಿಲ್ದೇ ಇದ್ರೆ ಮನೆಯವರಿಗೆಲ್ಲ ಹಗುರ ಆಗತ್ತೆ." ನಾನು ನಾಲ್ಕು ಆಯ್ಕೆಗಳನ್ನೂ ಒಂದಾದ ಮೇಲೊಂದು ಅವಳಿಗೇ ಹೇಳಿದೆ. "ಹಾಗೆಲ್ಲ ಮಾತಾಡಬೇಡಿ, ನಿಮ್ಮ ಮನೆಯವರು ನಿಮ್ಮನ್ನ ಎಷ್ಟು ಪ್ರೀತಿಸ್ತಾರೆ." "ಯಾಕೆ ಹಾಗನ್ನಿಸುತ್ತೆ ನಿಮಗೆ?" "ಡಾಕ್ಟರ್ ಬಂದಾಗ ಅವರಿಗೆ ಹೇಳಿ." ಕೊನೆಯದು, "ನಿಮಗೆ ಸಾಯಬೇಕು ಅನ್ನಿಸ್ತಾ ಇದೆಯಾ?"

ಪರೀಕ್ಷೆಯಲ್ಲಿ ಆಗಿದ್ದರೆ ನಾನು ಮೊದಲನೆಯದನ್ನೇ ಗುರುತು ಮಾಡುತ್ತಿದ್ದೆನೇನೋ. ಅದು ಅಷ್ಟು ಪ್ರೀತಿಯ ಮಾತು. ವಾರ್ಡಿನಲ್ಲಿ ದಿನಾ ನಾವು ಹೇಳುವ ಮಾತು. ತಂಗಿ ತಿರುಗಿ ನೋಡಿ ಅಂದಳು, "ಅಕ್ಕಾ, ಮೊದಲನೇದು ಕೇಳಿದ ಮೇಲೆ ನಂಗೆ ಹೇಳೋಕೆ ಏನೂ ಉಳೀಲಿಲ್ಲ. ಎರಡನೇದಕ್ಕೆ ನಾನು ಏನೋ ತಪ್ಪು ಮಾಡಿದೀನಿ ಅನ್ನಿಸ್ತು. ಮೂರನೇದಕ್ಕೆ, ಓ ಇವಳಿಗೆ ನಾನು ಬೇಡ ಅನ್ನಿಸ್ತು. ಕೊನೇದು ಕೇಳಿದಾಗ ಹೆದರಿಕೆ ಆಯ್ತು, ಆದ್ರೆ ಹೂಂ ಅನ್ನಬೇಕು ಅನ್ನಿಸ್ತು."

ಆ ಕ್ಷಣವೇ ಎದ್ದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದೆ: ಯಾವ ಉತ್ತರ ರೋಗಿಯ ಬಾಯಿ ಮುಚ್ಚಿಸುತ್ತೆ? ಯಾವುದು ತೆರೆಸುತ್ತೆ? ಸಮಾಧಾನದ ಮಾತು ಬಾಯಿ ಮುಚ್ಚಿಸುತ್ತದೆ. ಬುದ್ಧಿವಾದವೂ ಅಷ್ಟೇ. "ಯಾಕೆ" ಅಂದರೆ ವಿಚಾರಣೆ ಮಾಡಿದ ಹಾಗೆ. ವಿಷಯ ಬದಲಿಸುವುದು, ಬೇರೆಯವರ ಕಡೆ ಕೈ ತೋರಿಸುವುದು, ಎಲ್ಲ ಬಾಗಿಲು ಹಾಕುವ ಕೆಲಸವೇ. ಪುಸ್ತಕದಲ್ಲೂ ಇದೇ ಇದೆ, ನಾನೂ ಹತ್ತು ಸಲ ಓದಿದ್ದೆ. ಆದರೆ ಎದುರಿಗಿರುವವರ ಮುಖದಲ್ಲಿ ಅದನ್ನು ನೋಡುವವರೆಗೂ ಒಳಗೆ ಇಳಿದಿರಲಿಲ್ಲ.

ಆಮೇಲೆ ಸುಮಾರು ಹತ್ತು ವಾರ ಇದೇ ನಡೆಯಿತು. ದಿನಾ ಹದಿನೈದು ಪ್ರಶ್ನೆ, ಅದಕ್ಕಿಂತ ಜಾಸ್ತಿ ಇಲ್ಲ. ನಾಲ್ಕೂ ಆಯ್ಕೆಗಳನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ತಂಗಿ ಇದ್ದರೆ ಅವಳಿಗೆ, ಇಲ್ಲದಿದ್ದರೆ ಖಾಲಿ ಕುರ್ಚಿಗೆ. ಇಂಗ್ಲಿಷಿನಲ್ಲಿರುವ ಆಯ್ಕೆಯನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ, ಇದು ಮುಖ್ಯ. ಇಂಗ್ಲಿಷಿನಲ್ಲಿ ಚೆಂದ ಕಾಣುವ ಮಾತು ಕನ್ನಡದಲ್ಲಿ ಹೇಳಿದ ಕೂಡಲೇ ಒರಟೋ ಪೊಳ್ಳೋ ಅಂತ ಗೊತ್ತಾಗಿಬಿಡುತ್ತದೆ.

ನೋಟ್‌ಬುಕ್ಕಿನಲ್ಲಿ ಸರಿ ಉತ್ತರ ಬರೆಯಲಿಲ್ಲ. ನನ್ನನ್ನು ಸೆಳೆದ ತಪ್ಪು ಆಯ್ಕೆಯನ್ನು ಬರೆದು, ಅದರ ಪಕ್ಕದಲ್ಲಿ ಅದು ಯಾಕೆ ಸೆಳೆಯಿತು ಅಂತ ಒಂದೇ ಸಾಲು ಬರೆಯುತ್ತಿದ್ದೆ. "ಬೇಗ ಸಮಾಧಾನ ಮಾಡೋ ಆಸೆ." "ಡಾಕ್ಟರಿಗೆ ಹೇಳಿದರೆ ನನ್ನ ಜವಾಬ್ದಾರಿ ಮುಗೀತು." "ರೋಗಿ ಕೋಪಗೊಂಡರೆ ನನಗೆ ಭಯ." ನೂರು ಸಾಲು ಆಗುವ ಹೊತ್ತಿಗೆ ನನ್ನ ತಪ್ಪುಗಳೆಲ್ಲ ಐದಾರು ಕಾರಣಕ್ಕೆ ಬಂದು ನಿಂತವು. 340 ಬೇರೆ ಬೇರೆ ತಪ್ಪು ಇರಲೇ ಇಲ್ಲ.

ಆದರೆ ಒಂದು ಕಡೆ ಈ ವಿಧಾನ ನನ್ನನ್ನು ಚೆನ್ನಾಗಿ ಎಡವಿಸಿತು, ಅದನ್ನೂ ಹೇಳಬೇಕು. ಬಾಯಿ ತೆರೆಸುವ ಉತ್ತರವನ್ನೇ ಹುಡುಕುತ್ತಾ ಹೋದಾಗ ನಾಲ್ಕನೇ ವಾರ ಅಂಕ ಮೇಲೇರುವ ಬದಲು ಕೆಳಗಿಳಿಯಿತು. ಪ್ಯಾನಿಕ್ ಮಟ್ಟದ ಆತಂಕದಲ್ಲಿ ಒದ್ದಾಡುವವರಿಗೆ "ನಿಮ್ಮ ಭಾವನೆ ಬಗ್ಗೆ ಹೇಳಿ" ಅಂದರೆ ಅವರು ಹೇಗೆ ಹೇಳುತ್ತಾರೆ? ಅಲ್ಲಿ ಬೇಕಾದ್ದು ಪಕ್ಕದಲ್ಲೇ ಇರುವುದು, ಚಿಕ್ಕ ಚಿಕ್ಕ ಮಾತು, "ನಾನಿಲ್ಲೇ ಇದ್ದೀನಿ, ನನ್ನ ಜೊತೆ ಉಸಿರಾಡಿ". ಮೇನಿಯಾ (ಮಿತಿಮೀರಿದ ಉತ್ಸಾಹ, ಚಡಪಡಿಕೆ) ಇರುವವರಿಗೆ ಮಾತು ಇನ್ನಷ್ಟು ತೆರೆಸುವುದು ಬೇಡ. ಗದ್ದಲ ಕಡಿಮೆ ಮಾಡಬೇಕು, ಮಿತಿ ಹಾಕಬೇಕು, ಕೂರದೆ ಓಡಾಡುವವರಿಗೆ ಕೈಯಲ್ಲಿ ಹಿಡಿದೇ ತಿನ್ನಬಹುದಾದ್ದನ್ನು ಕೊಡಬೇಕು. ಯಾರೂ ಇಲ್ಲದಿದ್ದರೂ ಯಾರೋ ಮಾತಾಡುತ್ತಿರುವುದು ಕೇಳಿಸುತ್ತಿದೆ ಅಂತ ರೋಗಿ ಅಂದರೆ ಮೊದಲು ತಿಳಿಯಬೇಕಾದ್ದು ಆ ಧ್ವನಿ ಏನು ಹೇಳುತ್ತಿದೆ ಅಂತ. ನಿಮಗೋ ಬೇರೆಯವರಿಗೋ ಏನಾದರೂ ಮಾಡು ಅನ್ನುತ್ತಿದೆಯಾ? ಅದು ಗೊತ್ತಾದ ಮೇಲೆ "ನನಗೆ ಆ ಧ್ವನಿ ಕೇಳಿಸ್ತಿಲ್ಲ, ಆದರೆ ನಿಮಗೆ ಹೆದರಿಕೆ ಆಗಿದೆ ಅಂತ ಕಾಣಿಸ್ತಿದೆ." ವಾದ ಬೇಡ, ಹೂಂ ಅನ್ನುವುದೂ ಬೇಡ.

ಹಾಗಾಗಿ ಮೊದಲ ಪುಟದ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿಸಿದೆ: ಮೊದಲು ಪ್ರಾಣ, ಆಮೇಲೆ ಮಾತು. ತಂಗಿಯ ಚೀಟಿಯ ಪ್ರಶ್ನೆಯಲ್ಲೂ ನಾಲ್ಕನೇ ಆಯ್ಕೆ ಸರಿಯಾದದ್ದು ಇದೇ ಕಾರಣಕ್ಕೆ. ಅದು ಹೌದು-ಇಲ್ಲ ಪ್ರಶ್ನೆ, ಪುಸ್ತಕದ ಲೆಕ್ಕದಲ್ಲಿ ಮುಚ್ಚಿದ ಪ್ರಶ್ನೆ. ಆದರೂ ಅಲ್ಲಿ ಅದೇ ಬೇಕು. ಕೇಳಿದರೆ ರೋಗಿಯ ತಲೆಗೆ ಆ ಯೋಚನೆ ತುಂಬಿದ ಹಾಗಾಗುತ್ತೆ ಅನ್ನುವುದು ತಪ್ಪು. ನೇರವಾಗಿ ಕೇಳಬೇಕು, ಹೇಗೆ ಅಂತ ಯೋಚಿಸಿದ್ದಾರಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ ಅಂತಲೂ ಕೇಳಬೇಕು. ಎಷ್ಟೋ ದಿನ ಕುಗ್ಗಿಹೋಗಿದ್ದವರು ಇದ್ದಕ್ಕಿದ್ದಂತೆ ಶಾಂತವಾಗಿ, ತಮ್ಮ ವಸ್ತುಗಳನ್ನೆಲ್ಲ ಹಂಚತೊಡಗಿದರೆ ಖುಷಿಪಡಬೇಡಿ, ಹತ್ತಿರ ಹೋಗಿ. ಖಿನ್ನತೆಯ ಔಷಧಿ ಶುರುವಾದ ಮೊದಲ ವಾರಗಳೂ ಹಾಗೆಯೇ. ಮನಸ್ಸು ಏಳುವ ಮೊದಲೇ ಮೈಗೆ ಶಕ್ತಿ ಬರಬಹುದು. ಪರೀಕ್ಷೆಗಷ್ಟೇ ಅಲ್ಲ, ನಾಳೆ ವಾರ್ಡಿನಲ್ಲೂ ಇದು ಬೇಕು ಅಂತ ನಾನು ಈ ಪುಟಗಳನ್ನು ಜಾಸ್ತಿ ಪ್ರೀತಿಯಿಂದ ಬರೆದೆ.

ಇನ್ನು ಔಷಧಿ. ನಂಬರ್ ಗೊತ್ತಿದ್ದೂ ತಪ್ಪು ಮಾಡಿದ ಕಥೆ ಕೇಳಿ. ಲಿಥಿಯಂ (ಮೇನಿಯಾ, ಖಿನ್ನತೆ ಎರಡೂ ಬಂದು ಹೋಗುವ ಬೈಪೋಲಾರ್ ಕಾಯಿಲೆಯ ಔಷಧಿ) ರಕ್ತದಲ್ಲಿ 0.6ರಿಂದ 1.2 ಇರಬೇಕು, 1.5 ದಾಟಿದರೆ ವಿಷ ಅಂತ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ಮಾಕ್ ಟೆಸ್ಟ್‌ನಲ್ಲಿ ನಂಬರೇ ಕೊಡಲಿಲ್ಲ. ಎರಡು ದಿನದಿಂದ ವಾಂತಿ ಭೇದಿ, ಕೈ ಜೋರಾಗಿ ನಡುಗುತ್ತಿದೆ, ನಡಿಗೆ ತೂರಾಡುತ್ತಿದೆ ಅಂತಷ್ಟೇ ಇತ್ತು. ನಾನು ವಾಂತಿಗೆ ಔಷಧಿ ಕೊಡಲು ಹೊರಟೆ! ಮುಂದಿನ ಡೋಸ್ ತಡೆದು ರಕ್ತದ ಮಟ್ಟ ನೋಡಿಸುವುದು ಹೊಳೆಯಲೇ ಇಲ್ಲ. ನೀರು, ಸೋಡಿಯಂ ಕಡಿಮೆಯಾದಷ್ಟೂ ಲಿಥಿಯಂ ಮೈಯಲ್ಲೇ ಉಳಿಯುತ್ತೆ ಅನ್ನುವುದು ಪಟ್ಟಿಯಲ್ಲಿತ್ತು, ನನ್ನ ಕಣ್ಣಲ್ಲಿ ಇರಲಿಲ್ಲ.

ಅಂದಿನಿಂದ ಪ್ರತಿ ಔಷಧಿಗೂ ಒಂದು ಮನುಷ್ಯನ ಚಿತ್ರ ಬಿಡಿಸಿದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಚಿತ್ರದಲ್ಲಿ ಗಂಟಲು ಕೆಂಪು, ಹಣೆ ಬಿಸಿ, ಪಕ್ಕದಲ್ಲಿ "ಬಿಳಿ ರಕ್ತಕಣ ನೋಡು". ಆ್ಯಂಟಿಸೈಕೋಟಿಕ್ (ಭ್ರಮೆ, ಇಲ್ಲದ ಧ್ವನಿಗಳನ್ನು ತಗ್ಗಿಸುವ) ಔಷಧಿಗಳ ಅಡ್ಡಪರಿಣಾಮಗಳಿಗೆ ಉದ್ದಕ್ಕೆ ಒಂದು ಗೆರೆ. ಗಂಟೆಗಳಿಂದ ದಿನಗಳಲ್ಲಿ ಕುತ್ತಿಗೆ ತಿರುಚುವ ಡಿಸ್ಟೋನಿಯಾ, ದಿನಗಳಿಂದ ವಾರಗಳಲ್ಲಿ ಕೂತಲ್ಲಿ ಕೂರಲಾಗದ ಅಕಥೀಸಿಯಾ, ವಾರಗಳಲ್ಲಿ ಪಾರ್ಕಿನ್ಸನ್ ತರಹದ ನಿಧಾನ, ತಿಂಗಳು ವರ್ಷ ಕಳೆದ ಮೇಲೆ ತುಟಿ ನಾಲಿಗೆ ಚಪ್ಪರಿಸುವ ಟಾರ್ಡಿವ್ ಡಿಸ್ಕಿನೇಸಿಯಾ. ಎನ್‌ಎಂಎಸ್ (ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್, ಆ್ಯಂಟಿಸೈಕೋಟಿಕ್‌ನಿಂದ ಬರುವ ಅಪಾಯ) ಮತ್ತು ಸೆರೊಟೋನಿನ್ ಸಿಂಡ್ರೋಮ್ (ಮೈಯಲ್ಲಿ ಸೆರೊಟೋನಿನ್ ಅತಿಯಾಗಿ ಬರುವ ಅಪಾಯ, ಹೆಚ್ಚಾಗಿ ಖಿನ್ನತೆಯ ಔಷಧಿಗಳಿಂದ) ನನಗೆ ಸದಾ ಕಲಸಿಹೋಗುತ್ತಿದ್ದವು. ಎರಡರಲ್ಲೂ ಜ್ವರ, ಬೆವರು, ಗೊಂದಲ. ಎನ್‌ಎಂಎಸ್‌ನಲ್ಲಿ ಮೈ ಕಬ್ಬಿಣದ ಪೈಪಿನ ಹಾಗೆ ಬಿಗಿ, ದಿನಗಳಲ್ಲಿ ಏರುತ್ತದೆ. ಸೆರೊಟೋನಿನ್ ಸಿಂಡ್ರೋಮ್‌ನಲ್ಲಿ ಪಾದ ಪಟಪಟ ಕುಣಿಯುತ್ತದೆ, ಭೇದಿ ಇರುತ್ತದೆ, ಗಂಟೆಗಳಲ್ಲೇ ಶುರು. ಎರಡು ಚಿತ್ರ ಅಕ್ಕಪಕ್ಕ ಬಿಡಿಸಿದ ಮೇಲೆ ಮತ್ತೆ ತಪ್ಪಲಿಲ್ಲ.

ಮದ್ಯ ಬಿಟ್ಟಾಗಿನ ಲಕ್ಷಣಗಳನ್ನು ನಮ್ಮ ಡ್ಯೂಟಿ ಚಾರ್ಟಿನ ಮೇಲೆ ಕೂರಿಸಿದೆ. ದಿನಾ ಕುಡಿಯುವ, ಮೂಳೆ ಮುರಿದು ರಾತ್ರಿ ಅಡ್ಮಿಟ್ ಆದವರು. ಬೆಳಗಿನ ಶಿಫ್ಟಿಗೆ ಕೈ ನಡುಕ, ಬೆವರು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೇ ನಾಲ್ಕನೇ ದಿನ ಗೋಡೆ ಮೇಲೆ ಹುಳು ಹರಿದಾಡುತ್ತಿದೆ ಅಂದರೆ ಅದು ಡೆಲಿರಿಯಂ ಟ್ರೆಮೆನ್ಸ್, ಜೀವಕ್ಕೆ ಅಪಾಯ. ಥಯಾಮಿನ್ (ವಿಟಮಿನ್ ಬಿ1) ಮೊದಲು, ಗ್ಲೂಕೋಸ್ ಆಮೇಲೆ. ಈ ಒಂದು ಚಾರ್ಟ್ ನೋಡಿ ಆ ಸೀನಿಯರ್ ಕೂಡ "ಇದು ಚೆನ್ನಾಗಿದೆ" ಅಂದರು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನನ್ನ ಧ್ವನಿಯಲ್ಲೇ ಪ್ರಶ್ನೆ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದೆ. ಮೂರನೇ ಆಯ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು, ಬಿಟ್ಟೆ. ನೈಟ್ ಡ್ಯೂಟಿ ಮುಗಿಸಿ ಬಂದು ಓದಿದ ದಿನಗಳ ಅಂಕ ಉಳಿದ ದಿನಗಳಿಗಿಂತ ಹತ್ತು ಹನ್ನೆರಡು ಕಡಿಮೆ ಇರುತ್ತಿತ್ತು. ಹಾಗಾಗಿ ಆ ದಿನ ಮಲಗಿಬಿಡುತ್ತಿದ್ದೆ. ಬಣ್ಣದ ಕಾರ್ಡುಗಳನ್ನು ಮಾಡಿದ್ದೆ, ನೋಡಲು ಚೆಂದ, ಉಪಯೋಗ ಅಷ್ಟಕ್ಕಷ್ಟೆ.

ಒಂದು ಮಾತ್ರ ಬಿಡಲಿಲ್ಲ. ಡಿಫೆನ್ಸ್ ಮೆಕ್ಯಾನಿಸಮ್‌ಗಳನ್ನು ಎರಡು ವಾರ ನನ್ನ ಸುತ್ತಲೇ ಹಿಡಿದು ಬರೆದೆ. ಡಾಕ್ಟರ್ ಬೈದ ಕೋಪವನ್ನು ಜೂನಿಯರ್ ಮೇಲೆ ತೀರಿಸಿದರೆ ಅದು ಡಿಸ್‌ಪ್ಲೇಸ್‌ಮೆಂಟ್. "ನಂಗೇನೂ ಕೋಪ ಇಲ್ಲ, ನಿಮಗೇ ನನ್ನ ಮೇಲೆ ಕೋಪ" ಅಂದರೆ ಪ್ರೊಜೆಕ್ಷನ್. ಕಂಡರಾಗದವರ ಜೊತೆ ತನಗೇ ಗೊತ್ತಿಲ್ಲದೆ ಅತಿಯಾಗಿ ಸಿಹಿಯಾಗಿ ಮಾತಾಡಿದರೆ ರಿಯಾಕ್ಷನ್ ಫಾರ್ಮೇಶನ್. ಹದಿನಾಲ್ಕು ದಿನಕ್ಕೆ ಇಪ್ಪತ್ತಕ್ಕೂ ಜಾಸ್ತಿ ಸಿಕ್ಕವು. ಮನಸ್ಸು ಹುಟ್ಟಿನಿಂದ ಮುಪ್ಪಿನವರೆಗೆ ಬೆಳೆಯುವುದರ ಬಗ್ಗೆ ಮನಶ್ಶಾಸ್ತ್ರಜ್ಞ ಎರಿಕ್‌ಸನ್ ಹೇಳಿದ ಎಂಟು ಹಂತಕ್ಕೂ ನಾನು ನೋಡಿಕೊಂಡ ಎಂಟು ರೋಗಿಗಳನ್ನು ಜೋಡಿಸಿದೆ. ಸಾವು, ದುಃಖವನ್ನು ಎದುರಿಸುವುದರ ಬಗ್ಗೆ ಮನೋವೈದ್ಯೆ ಕ್ಯೂಬ್ಲರ್ ರಾಸ್ 1969ರಲ್ಲಿ ಹೇಳಿದ ಐದು ಹಂತಗಳ ಬಗ್ಗೆ ಒಂದೇ ಎಚ್ಚರ: ಅವು ಮೆಟ್ಟಿಲ ಹಾಗೆ ಸಾಲಾಗಿ ಬರುವುದಿಲ್ಲ. ದುಃಖದಲ್ಲಿರುವವರು ಹಿಂದೆ ಮುಂದೆ ಹೋಗುತ್ತಾರೆ, ಅದು ರೋಗವಲ್ಲ.

ಮೂರನೇ ಸಲದ ಒಟ್ಟು ಖರ್ಚು ಪರೀಕ್ಷೆಯ ಫೀಸು, ಇನ್ನೂರು ಪುಟದ ಒಂದು ನೋಟ್‌ಬುಕ್, ನಾಲ್ಕೋ ಐದೋ ಪೆನ್ನು. ಪ್ರಶ್ನೆಗಳಿಗೆ ಹಳೆಯವನ್ನೇ ಮತ್ತೆ ಬಳಸಿದೆ. ಮೊದಲು 55ರ ಆಸುಪಾಸಿನಲ್ಲಿ ತೆವಳುತ್ತಿದ್ದ ಮಾಕ್ ಅಂಕ ಎಂಟನೇ ವಾರಕ್ಕೆ 70 ದಾಟಿತು, ಕೊನೆಗೆ 80ರ ಹತ್ತಿರ ನಿಂತಿತು. ಉತ್ತರ ಬಾಯಿಪಾಠ ಆಗಿರಬಹುದು ಅನ್ನುವ ಅನುಮಾನ ನನಗೂ ಇತ್ತು. ಅದಕ್ಕೇ ಕೊನೆಯ ಎರಡು ವಾರ ಗೆಳತಿಯ ಬಳಿ ನಾನು ನೋಡಿರದ ಪ್ರಶ್ನೆಗಳನ್ನು ಇಸ್ಕೊಂಡು ಮಾಡಿದೆ. ಎರಡು ಮೂರು ಅಂಕವಷ್ಟೇ ಇಳಿಯಿತು.

ಪರೀಕ್ಷೆಯ ಹಾಲಿನಲ್ಲಿ ಗಟ್ಟಿಯಾಗಿ ಹೇಳುವಂತಿರಲಿಲ್ಲ. ಪ್ರತಿ ಪ್ರಶ್ನೆಗೂ ತಂಗಿಯನ್ನು ಗೋಡೆ ಕಡೆ ತಿರುಗಿಸಿ ಕೂರಿಸಿಕೊಂಡೆ. ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡಾಗ ಬಳಸುವ ಇನ್ನೊಂದು ಗುರುತು ನನ್ನ ಹತ್ತಿರ ಇದೆ. ಕಷ್ಟಪಟ್ಟು ಕಂಡುಕೊಂಡದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಫಲಿತಾಂಶ ಬಂದ ಮರುವಾರ ಆ ಸೀನಿಯರ್ ತಮ್ಮ ಮಗಳಿಗೆ ಬೇಕು ಅಂತ ನೋಟ್‌ಬುಕ್ ಕೇಳಿದರು. ಕೊನೆಯ ಎಂಟು ಪುಟ ಬಿಚ್ಚಿಟ್ಟುಕೊಂಡು ಉಳಿದದ್ದು ಕೊಟ್ಟೆ. ಜೊತೆಗೆ ಹೇಳಿದೆ, "ಇದನ್ನ ಓದೋಕೆ ಹೇಳ್ಬೇಡಿ ಮೇಡಂ. ಸಂಜೆ ಅರ್ಧ ಗಂಟೆ ನೀವು ಅವಳಿಗೆ ರೋಗಿ ಆಗಿ ಕೂತ್ಕೊಳ್ಳಿ." ಈಗ ದಿನಾ ಕೂರುತ್ತಾರಂತೆ.