ಸ್ಪ್ರೇಯರ್ ಹಿಡಿಯುವ ಮೊದಲು ಬಣ್ಣ ಸೋಸಿ

ಮನೆ ರಿಪೇರಿ ಅಂದರೆ ಈಗ ಎಲ್ಲರೂ ಪೇಂಟ್ ಸ್ಪ್ರೇಯರ್ ತರಿಸುತ್ತಾರೆ. ಪೆಟ್ಟಿಗೆ ಬಿಚ್ಚಿದ ಅರ್ಧ ಗಂಟೆಗೆ ಬಾಗಿಲ ಮುಂದೆ ನಿಂತು ಹೊಡೆಯುತ್ತಿರುತ್ತಾರೆ. ಆಮೇಲೆ ಬಣ್ಣ ಇಳಿದು ಗೆರೆ ಬಿತ್ತು, ನಾಜಲ್ ಕಟ್ಟಿಕೊಂಡಿತು, ಕಡಪಾ ಕಲ್ಲಿನ ಮೇಲೆಲ್ಲ ಚುಕ್ಕೆ ಅಂತ ಗೋಳು. ಯಂತ್ರವನ್ನೇ ಬೈಯುತ್ತಾರೆ. ನಮ್ಮ ಓಣಿಯಲ್ಲಿ ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಳ್ಳಾರಿಯಲ್ಲಿ ಮೊದಲು ನೋಡಬೇಕಾದದ್ದು ಹೊತ್ತು. ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುವ ಊರು ಇದು. ಮಧ್ಯಾಹ್ನ ಹೊಡೆದರೆ ಹನಿ ಗೋಡೆ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿರುತ್ತದೆ. ಕೈಯಾಡಿಸಿದರೆ ಮರಳು ಮರಳು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿ ಓಡುವ ರಸ್ತೆ ಪಕ್ಕ ಮನೆ ಇದ್ದವರಿಗಂತೂ ಕೆಂಪು ಧೂಳಿನ ಕಾಟ ಬೇರೆ. ಬೆಳಗ್ಗೆ ಬೇಗ, ಗಾಳಿ ಏಳುವ ಮೊದಲೇ ಮುಗಿಸಿ. ಹತ್ತು ಗಂಟೆಗೆ ಶುರು ಮಾಡುವವರು ಸುಮ್ನೆ ಬ್ರಷ್ಷೇ ಹಿಡಿಯಿರಿ.

ಮುಚ್ಚುವುದು, ಒರೆಸುವುದು ಎಲ್ಲ ನಿಮಗೆ ಗೊತ್ತಿರಬೇಕು. ಬಣ್ಣದ ಮಂಜು ಪಕ್ಕದ ಕೋಣೆಗೂ ಹೋಗುತ್ತದೆ, ಆದ್ದರಿಂದ ಪೇಪರ್ ಜಾಸ್ತಿಯೇ ಅಂಟಿಸಿ. ಫ್ಯಾನ್ ಒರೆಸುವಾಗ ಹಳೇ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಎಳೆಯಿರಿ, ಧೂಳು ಕವರಿನೊಳಗೇ ಉಳಿಯುತ್ತದೆ, ತಲೆ ಮೇಲೆ ಬೀಳುವುದಿಲ್ಲ. ಹಳೇ ಬಾಗಿಲ ಬಣ್ಣವನ್ನು ಮಾತ್ರ ಒಣಗಿದ್ದ ಹಾಗೇ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ 10 ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು? ನೀರು ಹಚ್ಚಿಕೊಂಡು ಉಜ್ಜಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಚಿಕ್ಕ ಮಕ್ಕಳನ್ನು ಆ ದಿನ ಅಜ್ಜಿ ಮನೆಗೆ ಕಳಿಸಿ.

ಈಗ ಸೋಸುವ ಮಾತು. ಯಾರೂ ಮಾಡದ ಕೆಲಸ ಇದು, ನಾನು ಬಿಡದ ಕೆಲಸವೂ ಇದೇ. ನಮ್ಮವ್ವ ಯುಗಾದಿಗೆ ಸುಣ್ಣ ಬಳಿಯುವಾಗ ಗಡಿಗೆಯಲ್ಲಿ ರಾತ್ರಿಯೇ ಸುಣ್ಣ ನೆನೆಹಾಕಿ, ಬೆಳಗ್ಗೆ ಹಳೇ ಧೋತರದಲ್ಲಿ ಸೋಸಿ, ಚೂರು ನೀಲಿ ಬೆರೆಸುತ್ತಿದ್ದಳು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ನಾರಿನ ಕುಂಚಕ್ಕೆ ಧೋತರ ಸಾಕಾಗುತ್ತಿತ್ತು. ಸ್ಪ್ರೇಯರಿಗೆ ಹತ್ತಿ ಬಟ್ಟೆ ಬೇಡವೇ ಬೇಡ. ಹತ್ತಿ ಎಳೆ ಬಿಡುತ್ತದೆ. ಕಣ್ಣಿಗೆ ಕಾಣದ ಒಂದು ಎಳೆ ನಾಜಲ್ಲಿನ ಸಣ್ಣ ತೂತಿಗೆ ಅಡ್ಡ ಕೂತರೆ ಬಣ್ಣ ಉಗುಳಲು ಶುರು.

ಹಳೇ ನೈಲಾನ್ ಸೀರೆ ತೆಗೆದುಕೊಳ್ಳಿ. ಸೆರಗು ಬೇಡ, ಜರಿ ಬೇಡ, ಒಡಲಿನ ತೆಳು ಭಾಗವೇ ಆಗಬೇಕು. ಕೈಯಲ್ಲಿ ಹರಿಯಬೇಡಿ, ಹರಿದ ಅಂಚು ಎಳೆ ಬಿಡುತ್ತದೆ. ಕತ್ತರಿಯಿಂದ ಕತ್ತರಿಸಿ, ಜಾಡಿಸಿ. ನೀರಿನ ಬಣ್ಣವಾದರೆ ನೀರಲ್ಲಿ, ಎನಾಮೆಲ್ ಅನ್ನುವ ಎಣ್ಣೆ ಬಣ್ಣವಾದರೆ ಅದನ್ನು ತೆಳು ಮಾಡುವ ತಿನ್ನರಿನಲ್ಲಿ ಅದ್ದಿ ಹಿಂಡಿ. ಬಕೆಟ್ ಬಾಯಿಗೆ ಸುತಳಿಯಿಂದ ಕಟ್ಟಿ. ಬಿಗಿಯಾಗಿ ಕಟ್ಟಬೇಡಿ, ನಡುವೆ ಒಂದು ಬೊಗಸೆಯಷ್ಟು ಜೋಲಿ ಇರಲಿ. ಕತ್ತರಿಸಿದ ಅಂಚು ಪೂರ್ತಿ ಹೊರಗೇ ಇರಬೇಕು. ಡಬ್ಬಿಯಲ್ಲಿ ಕೆನೆ ಕಟ್ಟಿದ್ದರೆ ಅದನ್ನು ಎತ್ತಿ ಎಸೆಯಿರಿ, ಒಳಗೆ ಕಲಸಬೇಡಿ. ಬಣ್ಣವನ್ನು ತೆಳು ಮಾಡಿಕೊಂಡ ಮೇಲೆಯೇ ಸೋಸಬೇಕು. ಡಬ್ಬಿಯ ಮೇಲೆ ಬರೆದದ್ದನ್ನು ಮೀರಿ ನೀರು ಸುರಿದು ಮಜ್ಜಿಗೆ ಮಾಡಬೇಡಿ. ಕೋಲು ಎತ್ತಿದರೆ ಕಡಿಯದೆ ಎಳೆಯಾಗಿ ಇಳಿಯಬೇಕು, ಅಷ್ಟೇ ಹದ. ಸ್ವಲ್ಪ ಸ್ವಲ್ಪ ಸುರಿದು, ತಾನಾಗಿ ಇಳಿಯಲು ಬಿಡಿ. ಅವಸರದವರು ಇಲ್ಲೇ ಕೈ ಹಾಕುತ್ತಾರೆ! ಬೆರಳಲ್ಲಿ ಉಜ್ಜಿದರೆ, ಬಟ್ಟೆ ಹಿಂಡಿದರೆ, ನೀವು ತಡೆದ ಗಂಟೆಲ್ಲ ಜರುಗಿ ಕೆಳಗೆ ಹೋಯಿತು. ನಿಧಾನವಾದರೆ ಬಕೆಟ್ಟಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಬಟ್ಟೆಯಲ್ಲಿ ಉಳಿದ ಕಸವನ್ನು ಒಮ್ಮೆ ನೋಡಿ. ಹೊಸ ಡಬ್ಬಿಯಲ್ಲೂ ಇರುತ್ತದೆ.

ಹೊಡೆಯುವುದು ಹೇಗೆ ಅಂದರೆ, ಮೊದಲು ರಟ್ಟಿನ ಮೇಲೆ ನೋಡಿ. ನಾಜಲ್ಲಿಗೂ ಗೋಡೆಗೂ ನಡುವೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಮಣಿಕಟ್ಟು ತಿರುಗಿಸಿ ಬೀಸಿದರೆ ನಡುವೆ ದಪ್ಪ, ತುದಿಗೆ ತೆಳು. ಇಡೀ ತೋಳು ಗೋಡೆಗೆ ಸಮನಾಗಿ ಸರಿಯಬೇಕು. ಕೈ ಸರಿಯತೊಡಗಿದ ಮೇಲೆ ಟ್ರಿಗರ್ ಒತ್ತಿ, ಕೈ ನಿಲ್ಲುವ ಮೊದಲು ಬಿಡಿ. ಮುಂದಿನ ಪಟ್ಟಿ ಹಿಂದಿನದರ ಅರ್ಧ ಮುಚ್ಚಲಿ. ತೆಳುವಾಗಿ ಎರಡು ಕೋಟ್, ಒಂದೇ ದಪ್ಪ ಕೋಟ್ ಅಲ್ಲ. ಗ್ರಿಲ್ಲು, ಬೆತ್ತದ ಕುರ್ಚಿ, ಕೆತ್ತನೆ ಬಾಗಿಲು ಇವಕ್ಕೆ ಸ್ಪ್ರೇಯರಿನಂಥದ್ದು ಇನ್ನೊಂದಿಲ್ಲ. ಒಂದೇ ಒಂದು ಗೋಡೆಗೆ ಇಷ್ಟೆಲ್ಲ ಯಾಕೆ? ರೋಲರ್ ಸಾಕು.

ಎನಾಮೆಲ್ ಹೊಡೆಯುವ ದಿನ ಒಲೆ, ದೇವರ ದೀಪ, ಊದಿನಕಡ್ಡಿ ಎಲ್ಲ ಆರಿಸಿ. ತಿನ್ನರ್ ಆವಿಗೆ ಒಂದು ಕಿಡಿ ಸಾಕು. ಕಿಟಕಿ ತೆರೆದಿರಲಿ. ಮೂಗಿಗೆ ಕರ್ಚೀಫ್ ಕಟ್ಟಿ ಬೀಗಬೇಡಿ, ಆವಿ ತಡೆಯುವ ಡಬ್ಬಿಯಿರುವ ಮಾಸ್ಕ್ ಹಾಕಿ. ಬಾಡಿಗೆಗೆ ತರುವ ದೊಡ್ಡ ಏರ್‌ಲೆಸ್ ಯಂತ್ರದ (ಗಾಳಿ ಬೆರೆಸದೆ ಬಣ್ಣವನ್ನೇ ಜೋರಾಗಿ ಒತ್ತಿ ಹಾರಿಸುವಂಥದ್ದು) ನಾಜಲ್ಲಿಗೆ ಬೆರಳು ಅಡ್ಡ ಹಿಡಿದೀರಿ, ಜೋಕೆ! ಅದರ ಒತ್ತಡಕ್ಕೆ ಬಣ್ಣ ಚರ್ಮದೊಳಗೇ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಕಂಡರೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಮುಗಿದ ಕೂಡಲೇ ಗನ್ ತೊಳೆಯಿರಿ. ಊಟ ಮಾಡಿ ಬರುತ್ತೇನೆ ಅಂದರೆ ಒಳಗೆ ಕಲ್ಲಾಗಿರುತ್ತದೆ. ನಾಜಲ್ಲಿಗೆ ಪಿನ್ನು ಹಾಕಿ ಕೆದಕಬೇಡಿ, ತೂತು ಕೆಟ್ಟು ಬಣ್ಣ ಸೊಟ್ಟ ಹಾರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಎನಾಮೆಲ್ ಸೋಸಿದ ಸೀರೆ ತುಂಡನ್ನೂ ಒರೆಸಿದ ಬಟ್ಟೆಯನ್ನೂ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಹಾಗೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರಡಿ, ಪೂರ್ತಿ ಒಣಗಿದ ಮೇಲೆ ಕಸಕ್ಕೆ ಹಾಕಿ.