ಯೀಲ್ಡ್ ಎಷ್ಟು ಅಂತ ಹೇಳಿದರೆ, ಯಾವುದರ ಮೇಲೆ ಅಂತ ಕೇಳಿ

ಚಿಕ್ಕಮಗಳೂರಿನಲ್ಲಿ ಒಂದು ವಾರ ಓಡಾಡಿದರೆ ಯೀಲ್ಡ್ ಅನ್ನುವ ಪದ ಹತ್ತು ಸಲ ಕಿವಿಗೆ ಬೀಳುತ್ತದೆ. ತೋಟದವರು ಹೇಳುತ್ತಾರೆ, ಡೆಪಾಸಿಟ್ ಕೇಳಿಕೊಂಡು ಬರುವ ಏಜೆಂಟ್ ಹೇಳುತ್ತಾನೆ, ಕಬ್ಬಿಣ ಮಾರುವವನೂ ಹೇಳುತ್ತಾನೆ. ಮೂವರೂ ಹೇಳೋದು ಬೇರೆ ಬೇರೆ. ಆದರೆ ಹೆಚ್ಚಿನ ಕಡೆ ಲೆಕ್ಕ ಒಂದೇ: ಬಂದದ್ದನ್ನು ಹಾಕಿದ್ದರಿಂದ ಭಾಗಿಸುವುದು. ಮೇಲಿನ ಅಂಕಿಯನ್ನು ಎಲ್ಲರೂ ಜೋರಾಗಿ ಹೇಳುತ್ತಾರೆ. ಕೆಳಗಿನದನ್ನು ನಾವೇ ಕೇಳಿ ತಿಳಿಯಬೇಕು.

ಮೊದಲು ಕಾಫಿ. ಎಕರೆಗೆ ಇಷ್ಟು ಮೂಟೆ ಅನ್ನುವುದು ಇಳುವರಿ. ಯಾರಾದರೂ ತೋಟ ಮಾರುವಾಗ ಒಂದೇ ವರ್ಷದ ಇಳುವರಿ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ, ಆಮೇಲೆ ನಾಲ್ಕು ವರ್ಷದ ಲೆಕ್ಕ ಕೇಳಿ. ಅರೇಬಿಕಾ ಗಿಡ ಒಂದು ವರ್ಷ ಮೈತುಂಬ ಬಿಟ್ಟರೆ ಮುಂದಿನ ವರ್ಷ ಸುಸ್ತಾಗಿ ಕಡಿಮೆ ಬಿಡುತ್ತದೆ. ಮೇಲಾಗಿ ಹೂ ಅರಳಿಸುವ ಹೂ ಮಳೆ ಸರಿಯಾಗಿ ಬಂದು, ಅದರ ಹಿಂದೆಯೇ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬರದೆ ಹೋದರೆ ಆ ವರ್ಷದ ಕಥೆ ಅಲ್ಲಿಗೇ ಮುಗಿಯಿತು. ಒಳ್ಳೆ ವರ್ಷದ ಅಂಕಿ ತೋರಿಸಿ ಬೆಲೆ ಹೇಳುವುದು ಹಳೇ ಆಟ.

ಎರಡನೆಯದು ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. ಒಣಗಿದ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ವ್ಯಾಪಾರಿ ಹತ್ತಿರ ಒಯ್ದರೆ ಸ್ಯಾಂಪಲ್ ತೆಗೆದು, ತೂಗಿ, ಸಿಪ್ಪೆ ಬಿಡಿಸಿ, ಉಳಿದ ಬೀಜವನ್ನು ಮತ್ತೆ ತೂಗುತ್ತಾರೆ. 100 ಗ್ರಾಂ ಚೆರ್ರಿಗೆ 52 ಗ್ರಾಂ ಬೀಜ ಬಂತು ಅನ್ನಿ. ಅಂದರೆ 50 ಕೆಜಿ ಮೂಟೆಗೆ 26 ಕೆಜಿ, ಅದೇ ಓಟಿ 26. ಒಂದು ಓಟಿಗೆ ಇಷ್ಟು ರೂಪಾಯಿ ಅಂತ ಗುಣಿಸಿ ಮೂಟೆಯ ಬೆಲೆ ಕಟ್ಟುತ್ತಾರೆ.

ಇಲ್ಲೇ ನಾನು ಒಮ್ಮೆ ಪೆಟ್ಟು ತಿಂದೆ. ನಲವತ್ತು ಮೂಟೆ ತಗೊಂಡು ಹೋಗಿದ್ದೆ, ಒಂದೇ ಮೂಟೆಯ ಬಾಯಿಂದ ಒಂದು ಹಿಡಿ ತೆಗೆದು ಓಟಿ 25 ಅಂದರು, ಹೊತ್ತಾಗಿತ್ತು, ಜೀಪು ಕಾಯುತ್ತಿತ್ತು, ಸರಿ ಅಂದುಬಿಟ್ಟೆ. ಮರುವಾರ ಅದೇ ಕಣದ ಉಳಿದ ಮೂಟೆಗಳಿಗೆ ಬೇರೆ ಕಡೆ 26 ಬಂತು. ಓಟಿಗೆ 400 ರೂಪಾಯಿ ಅಂತಲೇ ಹಿಡಿದರೂ ನಲವತ್ತು ಮೂಟೆಗೆ 16,000 ಹೋಯಿತು. ಈಗ ನಾನೇ ಐದಾರು ಮೂಟೆಯ ತಳ, ನಡು, ಬಾಯಿ ಮೂರೂ ಕಡೆಯಿಂದ ತೆಗೆಸಿ, ಕಲೆಸಿ, ಎರಡು ಸಲ ತೂಗಿಸುತ್ತೇನೆ. ತೇವಾಂಶ ಎಷ್ಟು ಅಂತ ಮೀಟರ್ ಇಟ್ಟು ತೋರಿಸಿ ಅಂತಲೂ ಕೇಳುತ್ತೇನೆ. ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ಅಡುಗೆಮನೆಯ ಯೀಲ್ಡ್‌ಗೆ ನಮ್ಮಲ್ಲಿ ಚಂದದ ಪದವೇ ಇದೆ: ಒದಗುವುದು. ಹಳೇ ಅಕ್ಕಿ ಒದಗುತ್ತದೆ, ಹೊಸ ಅಕ್ಕಿ ಒದಗಲ್ಲ. ಹಳೆಯದು ನೀರು ಜಾಸ್ತಿ ಕುಡಿದು ಅರಳುತ್ತದೆ, ಅಷ್ಟೇ. ಆದ್ದರಿಂದ ಕೆಜಿಗೆ ಎರಡು ರೂಪಾಯಿ ಕಡಿಮೆ ಅಂತ ಹೊಸ ಅಕ್ಕಿ ತರುವ ಮುಂಚೆ, ಒಂದು ಪಾವಿಗೆ ಎಷ್ಟು ಜನ ಉಂಡರು ಅಂತ ನೋಡಿ. ಗಿರಣಿಯಲ್ಲೂ ಇದೇ ಲೆಕ್ಕ. ಸರ್ಕಾರಕ್ಕೆ ಭತ್ತ ಮಿಲ್ ಮಾಡಿಕೊಡುವಾಗ ಕ್ವಿಂಟಾಲ್‌ಗೆ 67 ಕೆಜಿ ಬೆಳ್ತಿಗೆ ಅಕ್ಕಿ, ಕುಸುಬಲಕ್ಕಿಯಾದರೆ 68 ಅನ್ನುವುದು ಲೆಕ್ಕಕ್ಕೆ ಹಿಡಿಯುವ ಅಳತೆ. ನಿಮ್ಮ ಭತ್ತಕ್ಕೆ 55 ಬಂತು ಅಂದರೆ ನುಚ್ಚೆಷ್ಟು, ಜೊಳ್ಳೆಷ್ಟು ಅಂತ ಕೇಳಬಹುದು.

ಈಗ ದುಡ್ಡು. ಜನ ಹೆಚ್ಚು ಏಮಾರುವುದು ಇಲ್ಲೇ. ಹಾಸನದ ನನ್ನ ಭಾವನಿಗೆ ಒಂದು ಸಂಸ್ಥೆಯವರು ಐದು ವರ್ಷದ ಡೆಪಾಸಿಟ್‌ಗೆ 'ಯೀಲ್ಡ್ 8.3 ಪರ್ಸೆಂಟ್' ಅಂತ ಚೀಟಿ ಕೊಟ್ಟಿದ್ದರು. ಪಕ್ಕದ ಬ್ಯಾಂಕಿನ ಬೋರ್ಡಿನಲ್ಲಿ 7 ಅಂತ ಇತ್ತು. ಭಾವ ಖುಷಿಯಾಗಿ ಫೋನ್ ಮಾಡಿದರು. ನಾನು ಕೂತು ಲೆಕ್ಕ ಹಾಕಿದೆ: ಒಂದು ಲಕ್ಷಕ್ಕೆ 7 ಪರ್ಸೆಂಟ್ ಬಡ್ಡಿ, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತಾ ಹೋದರೆ ಐದು ವರ್ಷಕ್ಕೆ ಸುಮಾರು 1,41,478 ಆಗುತ್ತದೆ. ಬಡ್ಡಿ 41,478. ಅದನ್ನು ಸುಮ್ನೆ ಐದರಿಂದ ಭಾಗಿಸಿದರೆ ವರ್ಷಕ್ಕೆ 8.3! ಎರಡೂ ಒಂದೇ ಡೆಪಾಸಿಟ್, ಹೇಳುವ ರೀತಿ ಬೇರೆ. ಬಡ್ಡಿಗೆ ಬಡ್ಡಿ ಸೇರುವುದನ್ನೂ ಹಿಡಿದು ವರ್ಷದ ಲೆಕ್ಕದಲ್ಲಿ ಸರಿಯಾಗಿ ಹೇಳಿದರೆ ಅದು 7.19. ಹಾಗಾಗಿ ಪರ್ಸೆಂಟ್ ಬಿಡಿ, 'ಒಂದು ಲಕ್ಷ ಕೊಟ್ಟರೆ ಯಾವ ತಾರೀಖಿಗೆ ಎಷ್ಟು ಕೈಗೆ ಕೊಡ್ತೀರಿ' ಅಂತ ಮಾತ್ರ ಕೇಳಿ. ಎರಡು ಕಡೆಯೂ ಅದೇ ಪ್ರಶ್ನೆ ಕೇಳಿದರೆ ಹೋಲಿಸುವುದು ಸುಲಭ.

ಬಾಂಡ್ ಯೀಲ್ಡ್ ಏರಿತು ಅಂತ ಪೇಪರಿನಲ್ಲಿ ಬರುತ್ತದಲ್ವಾ, ಅದು ಬಾಂಡ್ ಇಟ್ಟುಕೊಂಡವರಿಗೆ ಸಂತೋಷದ ಸುದ್ದಿಯಲ್ಲ. ಬಾಂಡ್ ಅಂದರೆ ಸಾಲ ಪತ್ರ. 100 ರೂಪಾಯಿಯ ಬಾಂಡ್ ವರ್ಷಕ್ಕೆ 7 ರೂಪಾಯಿ ಬಡ್ಡಿ ಕೊಡುತ್ತದೆ ಅನ್ನಿ, ಆ 7 ಬದಲಾಗಲ್ಲ. ಮಾರುಕಟ್ಟೆಯಲ್ಲಿ ಅದರ ಬೆಲೆ 95ಕ್ಕೆ ಇಳಿದರೆ, ಈಗ ಕೊಳ್ಳುವವನಿಗೆ ಬಡ್ಡಿಯ ಲೆಕ್ಕದಲ್ಲೇ 7.37 ಪರ್ಸೆಂಟ್ ಸಿಗುತ್ತದೆ. ಬೆಲೆ 105 ಆದರೆ 6.67. ಕೆಳಗಿನ ಅಂಕಿ ಕುಗ್ಗಿದಾಗ ಯೀಲ್ಡ್ ಉಬ್ಬುತ್ತದೆ. ಷೇರಿನಲ್ಲೂ ಹೀಗೇ. 200 ರೂಪಾಯಿ ಷೇರು 10 ರೂಪಾಯಿ ಡಿವಿಡೆಂಡ್ ಕೊಟ್ಟರೆ 5 ಪರ್ಸೆಂಟ್. ಷೇರು 100ಕ್ಕೆ ಬಿದ್ದರೆ ಮೊಬೈಲಿನಲ್ಲಿ 10 ಪರ್ಸೆಂಟ್ ಅಂತ ಕಾಣಿಸುತ್ತದೆ, ಆದರೆ ಕಂಪನಿ ಒಂದು ಪೈಸೆಯೂ ಜಾಸ್ತಿ ಕೊಟ್ಟಿಲ್ಲ. ಬಾಡಿಗೆಗೂ ಹಾಕಿ ನೋಡಿ: ಐವತ್ತು ಲಕ್ಷದ ಮನೆ, ತಿಂಗಳಿಗೆ 12,000 ಬಾಡಿಗೆ, ಅಂದರೆ 2.88. ಕಂದಾಯ, ಸುಣ್ಣಬಣ್ಣ ಇನ್ನೂ ಕಳೆದಿಲ್ಲ.

ಕಾರ್ಖಾನೆಯ ಯೀಲ್ಡ್ ಅಂದರೆ ನೂರು ಮಾಡಿದರೆ ಸರಿಯಾಗಿ ಬಂದದ್ದೆಷ್ಟು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರಿಗೆ ಹೇಳಬೇಕಿಲ್ಲ. ಐದು ಹಂತ, ಒಂದೊಂದರಲ್ಲೂ 95 ಸರಿ ಅಂದರೆ ಒಳ್ಳೇದೇ ಅನ್ನಿಸುತ್ತದೆ. ಗುಣಿಸಿದರೆ ಕೊನೆಗೆ ಒಂದೇ ಸಲಕ್ಕೆ ಸರಿಯಾಗಿ ಬರುವುದು ನೂರಕ್ಕೆ 77 ಮಾತ್ರ. ಯಾರಾದರೂ 95 ಅಂದರೆ ಅದು ಒಂದು ಹಂತದ್ದೋ ಪೂರ್ತಿಯದೋ ಕೇಳಿ.

ಕಬ್ಬಿಣದಂಗಡಿಯ ಯೀಲ್ಡ್‌ಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಯೀಲ್ಡ್ ಅಂದರೆ ಮಣಿಯುವುದು. ಕಂಬಿಯನ್ನು ಸ್ವಲ್ಪ ಎಳೆದು ಬಿಟ್ಟರೆ ವಾಪಸ್ ಮೊದಲಿನಂತಾಗುತ್ತದೆ, ಒಂದು ಮಿತಿ ದಾಟಿದರೆ ಎಳೆದಷ್ಟು ಹಾಗೇ ಉಳಿಯುತ್ತದೆ. ಆ ಮಿತಿಯೇ ಯೀಲ್ಡ್. ಮನೆ ಕಟ್ಟಲು ಕಾಂಕ್ರೀಟಿನೊಳಗೆ ಹಾಕುವ ಟಿಎಂಟಿ ಕಂಬಿಯ ಮೇಲೆ ಇರುವ 500, ಚದರ ಮಿಲಿಮೀಟರಿಗೆ 500 ನ್ಯೂಟನ್ ಬಲದ ತನಕ ಮಣಿಯುವುದಿಲ್ಲ ಅನ್ನುವ ಲೆಕ್ಕ. ಮುಂದೆ 'ಡಿ' ಅಂತ ಇದ್ದರೆ ಮುರಿಯುವ ಮುಂಚೆ ಹೆಚ್ಚು ಎಳೆದುಕೊಳ್ಳುತ್ತದೆ ಅಂತ. ಮನೆ ಕಟ್ಟುವವರು ಬಿಲ್‌ನಲ್ಲಿ ಆ ಡಿ ಇದೆಯಾ ನೋಡಿಕೊಳ್ಳಿ.

ಇನ್ನು ರಸ್ತೆಯ ಯೀಲ್ಡ್, ದಾರಿ ಬಿಡುವುದು. ತಲೆಕೆಳಗಾದ ತ್ರಿಕೋನದ ಬೋರ್ಡ್ ಕಂಡರೆ ನಿಧಾನಿಸಿ, ಎದುರಿನ ರಸ್ತೆಯವರನ್ನು ಬಿಟ್ಟು ಹೋಗಬೇಕು. ಮುಳ್ಳಯ್ಯನಗಿರಿಯಂಥ ಕಡೆ ಎರಡು ಗಾಡಿ ಹಿಡಿಸದ ಜಾಗದಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ. ಭಾನುವಾರ ಅಲ್ಲಿಗೆ ಬರುವ ಅರ್ಧ ಜನಕ್ಕೆ ಇದು ಗೊತ್ತಿಲ್ಲ, ಹಾರ್ನ್ ಹೊಡೆಯುತ್ತಾ ನಿಲ್ಲುತ್ತಾರೆ.