ಕೆಮ್ಮಿದವರಿಗೆ ಮೊದಲ ಸರದಿ

ಆಸ್ಪತ್ರೆಯೊಳಗೆ ಸೋಂಕು ಹರಡದಂತೆ ನೋಡಿಕೊಳ್ಳುವ ನರ್ಸ್ ನಾನು. ಟಿಬಿ ಇದೆ ಎಂದು ಗೊತ್ತಾದವರ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಅವರಿಗೆ ಬೇರೆ ಕೋಣೆ ಸಿಗುತ್ತದೆ. ಸರಿಯಾದ ಔಷಧ ಶುರುವಾದರೆ ಅವರಿಂದ ಹರಡುವುದೂ ಬೇಗ ಕಡಿಮೆಯಾಗುತ್ತದೆ. ಭಯವೆಲ್ಲ ಇನ್ನೂ ಗೊತ್ತಾಗದವರದ್ದು. ಸಕ್ಕರೆ ಕಾಯಿಲೆ ತೋರಿಸಲು ಬಂದು, ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು ಕೆಮ್ಮುವವರದ್ದು. ಪಕ್ಕದಲ್ಲೇ ಸೋಂಕು ತಡೆಯುವ ಶಕ್ತಿ ಕಡಿಮೆ ಇರುವ ಡಯಾಲಿಸಿಸ್‌ನವರು, ಕೀಮೋ ತಗೊಳ್ಳುವವರು, ಎಚ್‌ಐವಿ ಇರುವವರು ಕೂತಿರುತ್ತಾರೆ.

ಇದು ಸುಮ್ನೆ ಹೇಳುವ ಮಾತಲ್ಲ. ದಕ್ಷಿಣ ಆಫ್ರಿಕಾದ ಟುಗೆಲಾ ಫೆರಿಯಲ್ಲಿ 2005–06ರಲ್ಲಿ ಹೆಚ್ಚಿನ ಔಷಧಗಳಿಗೆ ಬಗ್ಗದ ಎಕ್ಸ್‌ಡಿಆರ್ ಟಿಬಿ 53 ಜನರಲ್ಲಿ ಕಂಡಿತು. 52 ಜನ ಸತ್ತರು. ಎಚ್‌ಐವಿ ಪರೀಕ್ಷೆ ಮಾಡಿಸಿದವರೆಲ್ಲರಿಗೂ ಎಚ್‌ಐವಿ ಇತ್ತು. ಬಹಳಷ್ಟು ಜನ ಅದಕ್ಕೆ ಸ್ವಲ್ಪ ಮುಂಚೆ ಆಸ್ಪತ್ರೆಯಲ್ಲಿ ದಾಖಲಾಗಿದ್ದವರು. ವಾಸಿಯಾಗಲೆಂದು ಬಂದ ಜಾಗದಲ್ಲೇ ಅಂಟಿತು ಎಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಹಾಗಾಗಿ ಕೆಲಸವನ್ನು ಚೀಟಿ ಬರೆಯುವ ಕೌಂಟರಿನಿಂದಲೇ ಶುರು ಮಾಡಿದೆವು. ‘ಎರಡು ವಾರದಿಂದ ಕೆಮ್ಮಿದೆಯಾ? ಜ್ವರ, ರಾತ್ರಿ ಬೆವರು, ತೂಕ ಇಳಿದಿದೆಯಾ?’ ಎಚ್‌ಐವಿ ಇರುವವರಿಗೆ ಎರಡು ವಾರ ಕಾಯುವಂತಿಲ್ಲ, ಇವತ್ತಿನ ಕೆಮ್ಮೂ ಲೆಕ್ಕಕ್ಕೆ ಬರುತ್ತದೆ. ಮೊದಮೊದಲು ಜನ ಇಲ್ಲ ಎಂದುಬಿಡುತ್ತಿದ್ದರು. ಹೌದು ಅಂದರೆ ಎಲ್ಲೋ ಮೂಲೆಗೆ ಕೂರಿಸುತ್ತಾರೆ, ಸರದಿ ತಪ್ಪುತ್ತದೆ ಎಂಬ ಅಳುಕು. ಅದಕ್ಕೆ ನಿಯಮವನ್ನೇ ತಿರುಗಿಸಿದೆವು: ಕೆಮ್ಮಿದ್ದರೆ ಒಂದು ಮಾಸ್ಕ್, ಹೊರಗಿನ ಜಗಲಿಯಲ್ಲಿ ಕುರ್ಚಿ, ಡಾಕ್ಟರ ಹತ್ತಿರ ಮೊದಲ ಸರದಿ. ಆಮೇಲೆ ಕೇಳದಿದ್ದರೂ ಹೇಳತೊಡಗಿದರು. ಸುಳ್ಳು ಹೇಳಿ ಮುಂದೆ ಹೋಗಲ್ವಾ ಎಂದು ಕೆಲವರು ಕೇಳಿದರು. ಹೋಗಲಿ ಬಿಡಿ. ಒಬ್ಬ ನಿಜವಾದ ರೋಗಿ ಬೇಗ ಸಿಕ್ಕರೆ ಅಷ್ಟೇ ಸಾಕು.

ಕಫವನ್ನು ಶೌಚಾಲಯದಲ್ಲಿ ತೆಗೆಸುವುದು ನಿಲ್ಲಿಸಿ, ಬಯಲಿನಲ್ಲಿ ತೆಗೆಸಿದೆವು. ಕಫದಲ್ಲಿ ಟಿಬಿ ಇದೆಯಾ ಎಂದು ನೋಡುವ ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ. ಆದರೆ ಕಫದ ಡಬ್ಬಿ ವಾರ್ಡಿನಲ್ಲೇ ಸಂಜೆವರೆಗೆ ಕೂತಿದ್ದರೆ ಯಂತ್ರ ಏನು ಮಾಡೀತು? ಅದನ್ನು ಲ್ಯಾಬಿಗೆ ಒಯ್ಯುವುದು ಯಾರ ಕೆಲಸ ಎಂದು ಪ್ರತಿ ಪಾಳಿಗೂ ಹೆಸರು ಬರೆದಿಟ್ಟೆವು.

ಜಾಸ್ತಿ ತಲೆ ಕೆಡಿಸಿಕೊಂಡದ್ದು ಗಾಳಿಯ ಬಗ್ಗೆ. ಟಿಬಿ ರೋಗಾಣು ಹೊತ್ತ ಕಣಗಳು ತೀರಾ ಸಣ್ಣವು, ಗಂಟೆಗಟ್ಟಲೆ ತೇಲುತ್ತವೆ. ಕಣ್ಣಿಗೆ ಕಾಣದ ಗಾಳಿಯನ್ನು ನೋಡಲು ನಾನು ಊದುಬತ್ತಿ ಹಿಡಿದು ಹಾಲ್ ಪೂರ್ತಿ ಓಡಾಡಿದೆ. ನೋಂದಣಿ ಮೂಲೆಯಲ್ಲಿ ಹೊಗೆ ಅಲ್ಲಾಡದೆ ನಿಂತಿತು. ಆಮೇಲೆ ನಿಧಾನಕ್ಕೆ ಬಾಗಿ, ಬೆಂಚುಗಳ ಮೇಲೆ ಹಾದು ಡಯಾಲಿಸಿಸ್ ಬಾಗಿಲಿನೊಳಗೆ ಹೋಯಿತು. ಮೇಲಧಿಕಾರಿಗಳನ್ನು ಕರೆದು ಅದನ್ನೇ ತೋರಿಸಿದೆ. ಮೊಳೆ ಹೊಡೆದು ಮುಚ್ಚಿದ್ದ ಎದುರು ಕಿಟಕಿ ತೆರೆಯಿತು, ಎಕ್ಸಾಸ್ಟ್ ಫ್ಯಾನ್ ಬಂತು, ಬೆಂಚುಗಳು ಜಾಗ ಬದಲಿಸಿದವು. ಗೋಡೆ ಎಸಿ ಇದೆಯಲ್ಲ ಎಂದವರಿಗೆ, ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ ಎಂದು ಹೇಳಬೇಕಾಯಿತು.

ಟಿಬಿ ರೋಗಿ ಹೋದ ಕೋಣೆಗೆ ತಕ್ಷಣ ಇನ್ನೊಬ್ಬರನ್ನು ಕಳಿಸುವುದಿಲ್ಲ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲೂ ಶೇ. 99 ಕಣಗಳು ಹೋಗಲು ಸುಮಾರು 23 ನಿಮಿಷ ಬೇಕು. 6 ಸಲವಾದರೆ 46 ನಿಮಿಷ. ಈ ಲೆಕ್ಕವನ್ನು ಬಾಗಿಲ ಮೇಲೇ ಅಂಟಿಸಿದ್ದೇವೆ.

ಈಗಲೂ ಜಗಳ ಇರುವುದು ಚಳಿಗಾಲದ ರಾತ್ರಿ ಪಾಳಿಯಲ್ಲಿ. ಯಾರೋ ಒಬ್ಬರು ಕಿಟಕಿ ಎಳೆದುಬಿಡುತ್ತಾರೆ, ಅವರ ತಪ್ಪೂ ಅಲ್ಲ. ಕಿಟಕಿ ಪಕ್ಕದ ಹಾಸಿಗೆಗೆ ಇನ್ನೊಂದು ಕಂಬಳಿ ಕೊಡಿಸಿ, ಕಿಟಕಿಯನ್ನು ಮತ್ತೆ ತೆರೆಸುತ್ತೇನೆ.